ಯುಕೆದಾಗ ನಮ್ಮ ಲೈಸೆನ್ಸ್ ಬದಲಿ ಮಾಡಿಸೋದು ಹೆಂಗ್ರಿ? ಅದರ ಮ್ಯಾಲ ಅಲ್ಲೆ ಓಡಸಾಕ ಇರೋ 12 ತಿಂಗಳು ಮುಗಿಯಾಕ ಬಂದೈತಿ, ಈಗ ಬಾಗಲಕೋಟ್ಯಾಗ ಅದೀನಿ

ನವನಗರದ_ಸಿಸ್ಟರ್:

ಎಲ್ಲಾರಿಗೂ ನಮಸ್ಕಾರ್ರಿ. ನಾ ಬಾಗಲಕೋಟಿ ನವನಗರದಾಕಿ. ನರ್ಸಿಂಗ್ ಮುಗಿಸಿ ಇಲ್ಲೇ ಊರಾಗ ನಾಕ್ ವರ್ಷ ಡ್ಯೂಟಿ ಮಾಡಿ ಆಮ್ಯಾಲ ಯುಕೆಗೆ ಹೋದ್ನಿ, ಹೋಗಿ 10 ತಿಂಗಳಾತು, ಲೆಸ್ಟರ್‌ನ್ಯಾಗ ಅದೀನಿ. ತಮ್ಮನ ಮದುವಿಗಂತ ಮೂರ್ ವಾರ ರಜಾ ತಗೊಂಡ ಬಂದಿದ್ನಿ, ಮದುವಿ ಮುಗೀತು, ವಾಪಸ್ ಹೋಗಾಕ ಇನ್ನ 9 ದಿನ ಐತಿ. ಅಷ್ಟರಾಗ ಇಲ್ಲೆ ಏನರ ಕಾಗದಪತ್ರ ಮಾಡಿಸ್ಕೊಂಡ ಹೋಗಬೇಕೇನು ಅಂತ ಕೇಳಾಕ ಬರದೀನಿ.

ನನ್ನ ಹಂತ್ಯಾಕ 2016ರಾಗ ತಗಸಿದ ಕೆಎ-29 ಲೈಸೆನ್ಸ್ ಐತಿ, ಕಾರು ಗೇರಿನ ಗಾಡಿ ಎರಡೂ. ಲೈಸೆನ್ಸ್ ಇಟ್ಕೊಂಡು ಸುಮ್ನ ಕುಂತಾಕಿ ಅಲ್ರಿ ನಾ, ಅಪ್ಪಾಜಿ ಆಲ್ಟೋ ನಾನ ಓಡಸ್ತಿದ್ನಿ, ಬನಶಂಕರಿ ಜಾತ್ರಿ ಗದ್ದಲದಾಗ ಓಡ್ಸೀನಿ, ಮುಧೋಳ ರೋಡಿನ್ಯಾಗ ರಾತ್ರಿ ಎರಡೆರಡ ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ದಾಟ್ಸೀನಿ. ಅಲ್ಲೆ ಮಾತ್ರ ಒಂದ್ ದಿನಾನೂ ಓಡಿಸಿಲ್ಲ, ಕಾರಿಲ್ಲ. ಈಗ ಬೇಕಾಗೇತಿ ಯಾಕಂದ್ರ ಮುಂಜಾನೆ ಏಳೂವರಿಗೆ ಡ್ಯೂಟಿ ಚಾಲೂ, ರವಿವಾರ ನಮ್ಮ ಕಡಿ ಮೊದಲನೇ ಬಸ್ಸ ಬರೋದು ಅದರ ನಂತರ, ಟ್ಯಾಕ್ಸಿಗೆ ಕೊಟ್ಟ ಕೊಟ್ಟ ಸಾಕಾಗೇತಿ. ಸಂಗಟ ಡ್ಯೂಟಿ ಮಾಡೋ ಒಬ್ರು ತಮ್ಮ ಸಣ್ಣ ಕಾರು ಮಾರಾಕತ್ತಾರ, ನೀ ತಗೋತಿದ್ರ ನಿನಗ ಕೊಡತೀನಿ ಅಂದಾರ.

ಈಗ ಮನ್ಯಾಗ ಒಬ್ಬೊಬ್ರು ಒಂದೊಂದ್ ಹೇಳತಾರ. ಸೋದರ ಮಾವ ಅಂತಾರ ಆರ್‌ಟಿಓಕ್ಕ ಹೋಗಿ ಎನ್ಓಸಿ ತಗೋ, ಅದನ್ನ ಅಲ್ಲೆ ಕೊಟ್ರ ಅವರ ಲೈಸೆನ್ಸ್ ಕೊಡತಾರ ಅಂತ. ತಮ್ಮ ಅಂತಾನ ಐಡಿಪಿ (ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್) ಮಾಡ್ಸು ಅಂತ. ಲೆಸ್ಟರ್‌ನ್ಯಾಗ ನನ್ನ ರೂಮ್‌ಮೇಟ್ (ಕೇರಳದಾಕಿ) ಹೇಳಿದ್ದು, ಊರಿಗೆ ಹೋಗಿ ವಾಪಸ್ ಬಂದ್ರ 12 ತಿಂಗಳು ಮತ್ತ ಹೊಸದಾಗಿ ಎಣಿಸ್ತಾರ, ಅದಕ್ಕ ಚಿಂತಿ ಮಾಡಬ್ಯಾಡ ಅಂತ. ಇದರಾಗ ಯಾವುದು ಖರೇ? ಇನ್ನೊಂದು, ಲೈಸೆನ್ಸಿನ್ಯಾಗ ನನ್ನ ಹೆಸರ ಮುಂದ ಅಪ್ಪಾಜಿ ಹೆಸರ ಐತಿ, ಪಾಸ್‌ಪೋರ್ಟಿನ್ಯಾಗ ಅಡ್ಡಹೆಸರ ಐತಿ, ಇದನ್ನ ಇಲ್ಲೇ ಸರಿ ಮಾಡಿಸ್ಬೇಕೇನು? ಗೊತ್ತಿದ್ದೋರು ಹೇಳ್ರಿ, ದಿನಾ ಕಡಿಮಿ ಅದಾವು.


ಮುಧೋಳ_ಹುಲಿ:

ಐಡಿಪಿ ಮಾಡಿಸಿ ಬಿಡ್ರಿ ಅಕ್ಕಾರ. ಇನ್ನೊಂದ್ ವರ್ಷ ಆರಾಮ ಓಡಸ್ಬಹುದು. ನಮ್ಮ ದೋಸ್ತ ಹಂಗ ಮಾಡ್ಯಾನ, ಯಾರೂ ಕೇಳಿಲ್ಲ.


ಗುಮ್ಮಟ_28:

ಮುಧೋಳ ಅಣ್ಣಾರ, ಯಾರೂ ಕೇಳಿಲ್ಲ ಅನ್ನೋದು ಬ್ಯಾರೆ, ನಡೀತದ ಅನ್ನೋದು ಬ್ಯಾರೆ. ದಯಮಾಡಿ ಹಂಗ ಹೇಳಬ್ಯಾಡ್ರಿ, ಆಕಿ ನೌಕರಿ ವೀಸಾ ಮ್ಯಾಲ ಹೋದಾಕಿ.

ಸಿಸ್ಟರ್, ನಾನು ವಿಜಯಪುರದವ, ಕೊವೆಂಟ್ರಿಯೊಳಗ ಆರ್ ವರ್ಷದಿಂದ ಇದ್ದೀನಿ, ಇದೇ ಗೊಂದಲದಾಗ ನಾನೂ ಬಿದ್ದೆದ್ದು ಬಂದೀನಿ. ಮೊದಲ "ಬದಲಿ ಮಾಡಿಸೋದು" ಅನ್ನೋ ಮಾತ ತಲಿಯಿಂದ ತಗದುಬಿಡ್ರಿ. ಯುಕೆದವರು ಕೆಲವು ದೇಶದ ಲೈಸೆನ್ಸ್ ಮಾತ್ರ ಬದಲಿ ಮಾಡಿ ಕೊಡ್ತಾರ, ಆಸ್ಟ್ರೇಲಿಯಾ, ಕೆನಡಾ, ಜಪಾನ್, ನ್ಯೂಜಿಲೆಂಡ್, ಸಿಂಗಪುರ, ಸೌತ್ ಆಫ್ರಿಕಾ, ಹಿಂಗ ಒಂದು ಪಟ್ಟಿ ಅದ. ಅದರಾಗ ಇಂಡಿಯಾ ಇಲ್ಲ. ಹಂಗಂದ ಮ್ಯಾಲ ಎನ್ಓಸಿ ಒಯ್ದು ಯಾರಿಗೆ ಕೊಡ್ತೀರಿ? ನಿಮ್ಮ ಕೆಎ-29 ಕಾರ್ಡ್ ನೋಡಿ ಅವರು ಏನೂ ಕೊಡೋದಿಲ್ಲ, ಅಲ್ಲಿ ಹುಟ್ಟಿದ 17 ವರ್ಷದ ಹುಡುಗ ಹೆಂಗ ಪ್ರೊವಿಜನಲ್ (ಕಲಿಯೋರಿಗೆ ಕೊಡೋ ಲೈಸೆನ್ಸ್, ನಮ್ಮ ಎಲ್‌ಎಲ್ ಇದ್ದಂಗ) ತಗೊಂಡು ಥಿಯರಿ ಬರದು ಪ್ರಾಕ್ಟಿಕಲ್ ಕೊಡ್ತಾನೋ ನೀವೂ ಹಂಗೇ ಸೊನ್ನಿಯಿಂದ. ಮಾವಗ ಬೇಜಾರಾಗದಂಗ ಹೇಳ್ರಿ.

ಈ 12 ತಿಂಗಳ ಲೆಕ್ಕ ಏನಂದ್ರ, ನೀವು ಅಲ್ಲಿ ವಾಸ ಮಾಡ್ಲಿಕ್ಕೆ ಹೋದ ದಿನದಿಂದ 12 ತಿಂಗಳು ಇಂಡಿಯಾ ಲೈಸೆನ್ಸ್ ಮ್ಯಾಲ ಕಾರು ಓಡಿಸ್ಬಹುದು, ಲೈಸೆನ್ಸ್ ಚಾಲ್ತಿಯೊಳಗ ಇರಬೇಕಷ್ಟ. ನಿಮ್ಮ ರೂಮ್‌ಮೇಟ್ ಹೇಳಿದ್ದು ಅರ್ಧ ಖರೇ, ಅದು ಸುಮ್ನ ತಿರಗ್ಯಾಡ್ಲಿಕ್ಕೆ ಬರೋರಿಗೆ, ನೆಂಟರಾಗಿ ಬಂದು ಹೋಗೋರಿಗೆ. ಅವರಿಗೆ ದೇಶದೊಳಗ ಕಾಲಿಟ್ಟ ದಿನದಿಂದ ಎಣಸ್ತಾರ. ನೀವು ನೌಕರಿ ಮ್ಯಾಲ ಮನಿ ಮಾಡಿ ಇರೋರು, ನಿಮ್ಮ ಗಡಿಯಾರ ಒಮ್ಮೆ ಚಾಲೂ ಆತಂದ್ರ ನೀವು ಬಾಗಲಕೋಟಿಗೆ ಬಂದ್ರೂ ನಿಲ್ಲೋದಿಲ್ಲ, ವಾಪಸ್ ಹೋದ್ರೂ ಸೊನ್ನಿ ಆಗೋದಿಲ್ಲ. ಅಂದ್ರ ಈಗ ಮದುವಿಯೊಳಗ ಹೋದ ಮೂರ್ ವಾರನೂ ಎಣಿಕಿಯೊಳಗ ಬಂತು.

ಹೆಸರಿಂದು ತಲಿ ಕೆಡಿಸ್ಕೋಬ್ಯಾಡ್ರಿ. ಪ್ರೊವಿಜನಲ್ ಪಾಸ್‌ಪೋರ್ಟ್ ಮ್ಯಾಲ, ಅಲ್ಲಿ ಇರ್ಲಿಕ್ಕೆ ಪರವಾನಗಿ ಇದ್ದ ದಾಖಲೆ ಮ್ಯಾಲ ಕೊಡ್ತಾರ. ಇಂಡಿಯಾ ಲೈಸೆನ್ಸ್ ಹೆಸರಿಗೂ ಅದಕ್ಕೂ ಸಂಬಂಧಿಲ್ಲ. ಅಷ್ಟಕ್ಕ ಈಗ ಒಂದ್ ವಾರದಾಗ ಓಡಾಡಬ್ಯಾಡ್ರಿ, ಮನ್ಯಾಗ ಕುಂತು ಅವ್ವನ ಕೈಯಿಂದ ಬಿಸಿ ರೊಟ್ಟಿ ತಿನ್ರಿ.


ಸ್ಟೇರಿಂಗ್_ಕಾಕಾ:

ನಾ ಬೆಳಗಾವ್ಯಾಗ ಟಿಳಕವಾಡಿ ಕಡಿ ಡ್ರೈವಿಂಗ್ ಕಲಸ್ತೀನಿ, ಈ ಐಡಿಪಿ ಕಥಿ ವಾರಕ್ಕ ಇಬ್ರರ ಕೇಳ್ಕೊಂಡ ಬರತಾರ. ಅದಕ್ಕ ಬಿಡಿಸಿ ಹೇಳತೀನಿ. ಐಡಿಪಿ ಅಂದ್ರ ಒಂದು ಸಣ್ಣ ಪುಸ್ತಕ, ನಿಮ್ಮ ಲೈಸೆನ್ಸಿನ್ಯಾಗ ಇದ್ದದ್ದನ್ನ ಬ್ಯಾರೆ ಬ್ಯಾರೆ ಭಾಷಾದಾಗ ಬರದ ಕೊಡೋದು. ಅಷ್ಟ. ಅದು ಲೈಸೆನ್ಸ್ ಅಲ್ಲ, ಲೈಸೆನ್ಸಿನ ಅನುವಾದ. ಫಾರಂ 4ಎ ತುಂಬಿ, ಪಾಸ್‌ಪೋರ್ಟ್ ವೀಸಾ ಟಿಕೀಟ್ ಪ್ರತಿ ಹಚ್ಚಿ, 1000 ರೂಪಾಯಿ ಫೀ ತುಂಬಿದ್ರ ಆರ್‌ಟಿಓದಾಗ ಕೊಡತಾರ, ಒಂದ್ ವರ್ಷ ಚಾಲ್ತಿ. ಆ "ಒಂದ್ ವರ್ಷ" ಅನ್ನೋದನ್ನ ನೋಡಿನ ಮಂದಿ ಮೋಸ ಹೋಗತಾರ, ಪುಸ್ತಕ ಒಂದ್ ವರ್ಷ ಬಾಳತೈತಿ ಅಂದ್ರ ಆ ದೇಶದವರು ನಿಮಗ ಒಂದ್ ವರ್ಷ ಹೆಚ್ಚಿಗಿ ಕೊಟ್ರು ಅಂತಲ್ಲ. ನಮ್ಮ ಕಾರ್ಡಿನ್ಯಾಗ ಎಲ್ಲಾ ಇಂಗ್ಲಿಷಿನ್ಯಾಗನ ಇರತೈತಿ, ಇಂಗ್ಲೆಂಡಿಗೆ ಅದರ ಜರೂರತ್ತೂ ಇಲ್ಲ. ಬಾಡಿಗಿ ಕಾರ್ ಕೊಡೋರು ಕೆಲವರು ಕೇಳತಾರ, ಯುರೋಪಿನ ಬ್ಯಾರೆ ದೇಶಕ್ಕ ತಿರಗಾಡಾಕ ಹೋಗೋದಿದ್ರ ಉಪಯೋಗಕ್ಕ ಬರತೈತಿ. ನಿಮ್ಮ ಸಮಸ್ಯಾಕ್ಕ ಅದು ಔಷಧ ಅಲ್ಲ ತಂಗಿ.

ನಮ್ಮ ಹುಡುಗೂರು ವಿಮಾನ ಹತ್ತೋ ಹಿಂದಿನ ದಿನ ಬಂದು ಕಾಕಾ ಐಡಿಪಿ ಮಾಡಿಸಿ ಕೊಡ್ರಿ ಅಂತ ಗಂಟ್ ಬೀಳತಾರ. ಮಾಡಿಸಿ ಕೊಡೋದು ನನ್ನ ಧಂದೆಕ್ಕ ಛಲೋನ, ಆದ್ರ ಬೇಕಾಗಿಲ್ಲದ್ದಕ್ಕ ಬೇಕು ಅಂತ ಹೇಳೋದು ನನಗ ಬರಂಗಿಲ್ಲ.


ಇಳಕಲ್_ಟು_ದುಬೈ:

ಇದೇ ವಿಷಯದಾಗ ನಂದೊಂದು. ನಾ ಇಳಕಲ್ಲಿನವ, ದುಬೈದಾಗ ಎಂಟ್ ವರ್ಷ ಇದ್ದು ಆಮ್ಯಾಲ ಮ್ಯಾಂಚೆಸ್ಟರ್‌ಗೆ ಬಂದೆ. ಇಂಡಿಯಾ ಲೈಸೆನ್ಸ್ ನೋಡಿ ಕೈ ಅಲ್ಲಾಡಿಸಿದ್ರು, ಆದ್ರ ಯುಎಇ ಲೈಸೆನ್ಸ್ ಇತ್ತಲ್ಲ, 2021ರಾಗ ಯುಎಇನ ಆ ಪಟ್ಟಿಯೊಳಗ ಸೇರಿಸ್ಯಾರ, 43 ಪೌಂಡ್ ಕೊಟ್ಟು ಅರ್ಜಿ ಹಾಕಿದ್ನಿ, ಪರೀಕ್ಷಾ ಇಲ್ದ ಬದಲಿ ಆಗಿ ಬಂತು. ಐದ್ ವರ್ಷದೊಳಗ ಮಾಡಿಸ್ಕೋಬೇಕು. ದುಬೈದಾಗ ಲೈಸೆನ್ಸ್ ತಗೋಳಾಗ ನಾಕ್ ಸಲ ಫೇಲ್ ಆಗಿದ್ನಿ, ಆವಾಗ ಹಾಳಾದ ದಿರ್ಹಮ್ಸ್ ನೆನಿಸಿ ಅತ್ತಿದ್ನಿ, ಆ ದುಡ್ಡ ಇಲ್ಲಿ ಬಂದು ಬಡ್ಡಿ ಸಮೇತ ಮುಟ್ಟಿತು ನೋಡ್ರಿ.

ನಮ್ಮ ಕಡಿ ಗಲ್ಫಿಗೆ ಹೋದ ಮಂದಿ ಬಾಳ ಅದಾರ, ಅಲ್ಲಿಂದ ಯುಕೆಗೆ ಹೋಗೋರಿದ್ರ ಯುಎಇ ಲೈಸೆನ್ಸ್ ರದ್ದಾಗಾಕ ಬಿಡಬ್ಯಾಡ್ರಿ ಅಂತ ಹೇಳಾಕ ಬರದೀನಿ. ಸಿಸ್ಟರ್‌ಗೆ ಇದು ಉಪಯೋಗಿಲ್ಲ, ಕ್ಷಮಿಸ್ರಿ.


ನವನಗರದ_ಸಿಸ್ಟರ್:

ಅಯ್ಯ ದೇವರ, ಹಂಗಾದ್ರ ನನ್ನ ಹತ್ರ ಉಳಿದಿದ್ದು ಒಂದೂವರಿ ತಿಂಗಳು ಅಷ್ಟ ಅಂದಂಗಾತು. ಎಲ್ಲಾರಿಗೂ ಥ್ಯಾಂಕ್ಸ್ ರೀ, ಮಾವನ ಮುಂದ ಓದಿ ಹೇಳಿದ್ನಿ, "ಹಂಗಿದ್ರ ಅವರ ರಾಜ್ಯಭಾರ ಅವರಿಗೆ" ಅಂದು ಚಾ ಕುಡಿಯಾಕ ಹೊಂಟ್ರು.

ಗುಮ್ಮಟ ಅಣ್ಣಾರ, ಇನ್ನೆರಡ ಪ್ರಶ್ನೆ. ಒಂದು, ಪ್ರೊವಿಜನಲ್ ತಗೊಂಡ್ನಿ ಅಂದ್ರ ನಾ ಎಲ್ ಬೋರ್ಡಿನಾಕಿ ಆಗತೀನೇನು, ಇಂಡಿಯಾ ಲೈಸೆನ್ಸ್ ಮ್ಯಾಲ ಓಡಸೋದು ಅಲ್ಲಿಗೇ ಬಂದ್ ಆಗತೈತೇನು? ಎರಡು, 12 ತಿಂಗಳು ಮುಗಿದ ಮ್ಯಾಲ ರೂಮ್‌ಮೇಟ್ ಪಕ್ಕದಾಗ ಕುಂತ್ರ ಓಡಸ್ಬಹುದಾ, ಆಕಿದು ಯುಕೆ ಲೈಸೆನ್ಸ್ ಆಗಿ ಒಂದ್ ವರ್ಷಾತು. ಮತ್ತ ಆ ಕಾರು ತಗೋಲಾ ಬ್ಯಾಡಾ?


ಗುಮ್ಮಟ_28:

ಮೊದಲನೇದು ಒಳ್ಳೆ ಪ್ರಶ್ನೆ, ಬಾಳ ಮಂದಿ ಇದಕ್ಕ ಅಂಜಿ ಪ್ರೊವಿಜನಲ್ ಹಾಕೋದೇ ಮುಂದ ಹಾಕ್ತಾರ, ನಾನೂ ಹಾಕಿದ್ದೆ, ಅದೇ ನನ್ನ ದೊಡ್ಡ ತಪ್ಪು. 12 ತಿಂಗಳೊಳಗ ಪ್ರೊವಿಜನಲ್ ತಗೊಂಡ್ರೂ ಆ 12 ತಿಂಗಳು ಮುಗಿಯೋ ತನಕ ನಿಮಗ ಎಲ್ ಬೋರ್ಡೂ ಬೇಕಿಲ್ಲ, ಪಕ್ಕದಾಗ ಯಾರೂ ಕೂಡಬೇಕಿಲ್ಲ, ಮೋಟರ್‌ವೇ ಮ್ಯಾಲೂ ಹೋಗಬಹುದು. ಆ ದಿನ ದಾಟಿತು ಅಂದ್ರ ಮರುದಿನ ಮುಂಜಾನಿಂದ ನೀವು ಕಲಿಯೋರು, 10 ವರ್ಷ ಓಡಿಸಿದ್ದು ಲೆಕ್ಕಕ್ಕಿಲ್ಲ. ಮುಂದ ಹಿಂದ ಕೆಂಪು ಎಲ್, ಪಕ್ಕದಾಗ ದೊಡ್ಡವರು.

ಆ "ದೊಡ್ಡವರು" ಅಂದ್ರ 21 ವರ್ಷ ದಾಟಿರಬೇಕು, ಲೈಸೆನ್ಸ್ ಸಿಕ್ಕು ಮೂರ್ ವರ್ಷ ಆಗಿರಬೇಕು. ನಿಮ್ಮ ರೂಮ್‌ಮೇಟ್ ನಡಿಯೋದಿಲ್ಲ. ಮೂರ್ ವರ್ಷ ಆದ ಯಾರರ ಸಿಕ್ರೂ ಮೋಟರ್‌ವೇ ಮಾತ್ರ ಇಲ್ಲ, ಕಲಿಯೋರು ಅಲ್ಲಿ ಹೋಗಬೇಕಂದ್ರ ಎರಡೂ ಕಡೆ ಬ್ರೇಕ್ ಇದ್ದ ಕಾರಿನೊಳಗ ಸರ್ಕಾರದಿಂದ ಮಾನ್ಯತಾ ಪಡೆದ ಇನ್‌ಸ್ಟ್ರಕ್ಟರ್ ಜೋಡಿನೇ ಹೋಗಬೇಕು.

ಮುಗಿದ ಮ್ಯಾಲ ಒಬ್ಬರೇ ಓಡಿಸಿ ಸಿಕ್ಕಿಬಿದ್ರ ಬರೇ ದಂಡ ಅಲ್ಲ. ಲೈಸೆನ್ಸ್ ಸರಿ ಇಲ್ಲ ಅಂದ್ರ ಇನ್ಶೂರನ್ಸೂ ಇಲ್ಲ ಅಂತ ಆಗ್ತದ, ಇನ್ಶೂರನ್ಸ್ ಇಲ್ದ ಓಡಿಸಿದ್ದಕ್ಕ 300 ಪೌಂಡ್ ದಂಡ ಮತ್ತ ಲೈಸೆನ್ಸ್ ಮ್ಯಾಲ ತಪ್ಪಿನ 6 ಪಾಯಿಂಟು, ಗಾಡಿನೂ ಎತ್ತಿ ಒಯ್ತಾರ. ಆ ಪಾಯಿಂಟು ಪ್ರೊವಿಜನಲ್ ಮ್ಯಾಲೂ ಬೀಳ್ತಾವ. ಅಲ್ಲಿ ಹೊಸಾ ಲೈಸೆನ್ಸಿನವರಿಗೆ ಮೊದಲ ಎರಡು ವರ್ಷದಾಗ 6 ಪಾಯಿಂಟ್ ಆತಂದ್ರ ಲೈಸೆನ್ಸೇ ರದ್ದು. ನಂಬರ್ ಪ್ಲೇಟ್ ಓದೋ ಕ್ಯಾಮರಾ ಎಲ್ಲಾ ಕಡೆ ಅವ. ಊರಾಗ ಪೊಲೀಸ್ ಮಾಮಾಗ ನಮಸ್ಕಾರ ಹೊಡದು ಹೋಗೋ ಲೆಕ್ಕ ಅಲ್ಲಿ ಇಲ್ಲ.

ಕಾರು ನಾನಾಗಿದ್ರ ಈಗ ತಗೋತಿರಲಿಲ್ಲ. ಒಂದೂವರಿ ತಿಂಗಳಿಗೆ ಇಂಡಿಯಾ ಲೈಸೆನ್ಸ್ ಅಂತ ಹೇಳಿ ಇನ್ಶೂರನ್ಸ್ ಕೇಳಿ ನೋಡ್ರಿ, ಕಾರಿನ ರೇಟಿನ ಹತ್ರ ಹತ್ರ ಹೇಳೋರು ಇದ್ದಾರ. ಪ್ರಾಕ್ಟಿಕಲ್ ಸ್ಲಾಟ್ ಸಿಗ್ಲಿಕ್ಕೆ ತಿಂಗಳಗಟ್ಟಲೆ ಕಾಯಬೇಕು, ಅಷ್ಟ್ ದಿನ ಕಾರು ಮನಿ ಮುಂದ ನಿಂತು ಮಳಿಯೊಳಗ ತೋಯ್ತದ.


ಇಳಕಲ್_ಟು_ದುಬೈ:

ಕಾರಿನ ವಿಷಯದಾಗ ನಾ ಒಪ್ಪಂಗಿಲ್ಲ ಅಣ್ಣಾ. ಪರಿಚಯದವರ ಕಾರು, ಗ್ಯಾರೇಜಿನ ಕಾಗದ ಎಲ್ಲಾ ಇರತೈತಿ, ರೇಟೂ ಕಡಿಮಿ. ಲರ್ನರ್ ಇನ್ಶೂರನ್ಸ್ ಬ್ಯಾರೇನ ಸಿಗತೈತಿ. ಮೂರ್ ವರ್ಷದ ಲೈಸೆನ್ಸ್ ಇದ್ದೋರ್ನ ಒಬ್ರನ್ನ ಹುಡಿಕ್ಯಾಡಿ ರವಿವಾರ ಎರಡ್ ತಾಸ್ ಓಡಿಸಿದ್ರ ಇನ್‌ಸ್ಟ್ರಕ್ಟರ್‌ಗೆ ಕೊಡೋ ರೊಕ್ಕ ಉಳೀತೈತಿ. ಅಲ್ಲಿ ತಾಸಿನ ಲೆಕ್ಕದಾಗ ಕೊಡಬೇಕು, ನರ್ಸ್ ಪಗಾರದಾಗ ಸಣ್ಣ ಖರ್ಚಲ್ಲ ಅದು.


ಗುಮ್ಮಟ_28:

ಹುಡಿಕ್ಯಾಡಿದ್ರ ಸಿಗ್ತಾರ ಅನ್ನೋದು ದೊಡ್ಡ ಮಾತು. ಇರ್ಲಿ, ಅದು ಅವರ ವಿಚಾರ. ನಾ ಮಾಡಿದ ತಪ್ಪು ಹೇಳ್ತೀನಿ, ಕೇಳಿ ನಗ್ರಿ.

ನನಗ 14 ವರ್ಷದ ಅನುಭವ ಇತ್ತು, ವಿಜಯಪುರದಿಂದ ಸೊಲ್ಲಾಪುರಕ್ಕ ಕಣ್ಣು ಮುಚ್ಚಿ ಹೋಗ್ತಿದ್ದೆ. ಅದಕ್ಕ ಇನ್‌ಸ್ಟ್ರಕ್ಟರ್ ಬ್ಯಾಡ ಅಂದು ಸೀದಾ ಟೆಸ್ಟಿಗೆ ಹೋದೆ. ಟೆಸ್ಟ್ ಸುಮಾರು 40 ಮಿನಿಟು. ಸಣ್ಣ ತಪ್ಪು 15ರ ತನಕ ಮಾಫ್, ದೊಡ್ಡದು ಒಂದೇ ಆದ್ರೂ ಫೇಲ್. ಮೊದಲ 20 ಮೀಟರ್ ದೂರದ ನಂಬರ್ ಪ್ಲೇಟ್ ಓದಸ್ತಾರ, ಓದ್ಲಿಕ್ಕೆ ಬರಲಿಲ್ಲಂದ್ರ ಗಾಡಿ ಹತ್ತೋದೇ ಇಲ್ಲ, ಅಲ್ಲಿಗೇ ಮುಗೀತು. ಆಮ್ಯಾಲ ಗಾಡಿ ಬಗ್ಗೆ ಎರಡು ಪ್ರಶ್ನೆ, ಹಿಂದಿನ ಕಾಜಿನ ಹೀಟರ್ ಹಾಕಿ ತೋರಸ್ರಿ ಅಂದ್ರು. ನಮ್ಮ ಬಿಸಿಲೊಳಗ ಹಿಂದಿನ ಕಾಜಿಗೆ ಹೀಟರ್ ಯಾಕ ಬೇಕಿತ್ತು, ನಾ ಆ ಬಟನ್ ಜನ್ಮದಾಗ ಒತ್ತಿರಲಿಲ್ಲ. ಇರ್ಲಿ ಅದು ಸಣ್ಣ ತಪ್ಪು.

ರೋಡಿನ ಎರಡೂ ಕಡೆ ಕಾರು ನಿಲ್ಸಿದ ಸಣ್ಣ ಓಣಿ. ಎದರಿಗೆ ಒಂದು ವ್ಯಾನ್ ಬಂತು, ಒಂದೇ ಗಾಡಿ ಹೋಗೋ ಜಾಗ. ಅವ ಡಿಪ್ಪರ್ ಹೊಡದ. ನಮ್ಮ ಕಡಿ ಡಿಪ್ಪರ್ ಹೊಡದ್ರ ಏನರ್ಥ? "ನಾ ಬರ್ಲಿಕ್ಕತ್ತೀನಿ, ನೀ ಸರಿ." ನಾ ಸರದು ನಿಂತೆ. ಅವ ಬರಲಿಲ್ಲ. ಮತ್ತ ಹೊಡದ. ನಾ ಇನ್ನಷ್ಟು ಸರದೆ, ಚಕ್ರ ಫುಟ್‌ಪಾತಿಗೆ ಹತ್ತಿತು. ಅವ ಕಾಜು ಇಳಿಸಿ ಕೈ ಮಾಡಿ ಕರದ, ಬಾ ಬಾ ಅಂತ. ಅಲ್ಲಿ ಡಿಪ್ಪರ್ ಅಂದ್ರ "ನೀ ಮೊದಲ ಹೋಗು" ಅಂತ! ಅಲ್ಲಿನ ನಿಯಮದ ಪುಸ್ತಕದಾಗ ನೋಡಿದ್ರ ಅದೂ ಇಲ್ಲ, "ನಾ ಇಲ್ಲಿದ್ದೀನಿ" ಅಂತ ತಿಳಿಸ್ಲಿಕ್ಕೆ ಮಾತ್ರ ಲೈಟ್ ಹೊಡೀಬೇಕು ಅಂತ ಅದ, ಆದ್ರ ಮಂದಿ ರೂಢಿ ಹಂಗದ. ಪಕ್ಕದಾಗಿನ ಎಕ್ಸಾಮಿನರ್ ಒಂದ್ ಮಾತಾಡಲಿಲ್ಲ, ತೊಡಿ ಮ್ಯಾಲ ಇಟ್ಕೊಂಡಿದ್ದ ಟ್ಯಾಬಿನ ಮ್ಯಾಲ ಬೆರಳು ಎರಡು ಸಲ ತಟ್ಟಿದ್ದು ಮಾತ್ರ ಕೇಳಿಸ್ತು.

ಫೇಲ್ ಆದದ್ದು ಮಾತ್ರ ಅದಕ್ಕಲ್ಲ. ಎಡಕ್ಕ ಹೊರಳೋ ಮುಂದ ಒಬ್ಬಾಕಿ ಮುದುಕಿ ಆ ರಸ್ತಾ ದಾಟ್ಲಿಕ್ಕೆ ಫುಟ್‌ಪಾತ್ ತುದಿಗೆ ನಿಂತಿದ್ಲು. ಇನ್ನೂ ಕೆಳಗ ಇಳಿದಿರಲಿಲ್ಲ. ನಾ ಹೊಳ್ಳಿಸ್ಕೊಂಡು ಹೋದೆ. 2022ರಿಂದ ಅಲ್ಲಿನ ಹೈವೇ ಕೋಡ್ (ಅದೇ ನಿಯಮದ ಪುಸ್ತಕ) ಬದಲಾಗೇದ, ನೀವು ಹೊರಳೋ ರಸ್ತಾ ದಾಟ್ಲಿಕ್ಕೆ ಕಾಯ್ತಾ ನಿಂತವರಿಗೂ ನೀವೇ ನಿಂತು ಬಿಡಬೇಕು. ಆಕಿನ ಕಂಡ ನೆನಪೂ ನನಗಿರಲಿಲ್ಲ, ರಿಪೋರ್ಟ್ ಹೇಳಿದಾಗ ನೆನಪಾತು. ಎರಡನೇ ಸಲಕ್ಕ ಇನ್‌ಸ್ಟ್ರಕ್ಟರ್ ಹತ್ರ ಎಂಟ್ ತಾಸು ಹೋದೆ, ಆವಾಗ ಪಾಸಾದೆ. ಆದ್ರ ನಡುವ ನಾಕು ತಿಂಗಳು ಬಸ್ಸಿಗೆ ಹೋದೆ, ಯಾಕಂದ್ರ ಅಷ್ಟೊತ್ತಿಗೆ 12 ತಿಂಗಳು ಮುಗದಿತ್ತು.


ಸ್ಟೇರಿಂಗ್_ಕಾಕಾ:

ಹಹ್ಹಾ, ಡಿಪ್ಪರಿನ ಕಥಿ ನಾಳೆ ಕ್ಲಾಸಿನ್ಯಾಗ ಹೇಳತೀನಿ.

ತಂಗಿ, ನಿನಗ 9 ದಿನ ಊರಾಗ ಐತಿ ಅಂದೆಲ್ಲ. ನವನಗರದ ಸೆಕ್ಟರ್ ರೋಡು ಅಗಲ ಅದಾವು, ಮುಂಜಾನೆ ಆರಕ್ಕ ಖಾಲಿ ಇರತಾವು. ಅಪ್ಪನ ಆಲ್ಟೋ ತಗೊಂಡು ಹೋಗಿ ಹಳೇ ಚಟಾ ಬಿಡಿಸ್ಕೋ. ನಾ ಹೊರದೇಶಕ್ಕ ಹೋಗೋ ಹುಡುಗೂರಿಗೆ ಓಡಸಾಕ ಕಲಸಂಗಿಲ್ಲ, ಓಡಸಾಕ ಅವರಿಗೆ ಬರತೈತಿ. ಬಿಡಾಕ ಕಲಸ್ತೀನಿ. ಚೆನ್ನಮ್ಮ ಸರ್ಕಲ್‌ನ್ಯಾಗ ಯಾರ ಮೂಗ ಮೊದಲ ತೂರಸ್ತಾನೋ ಅವನ ಗಾಡಿ ಮೊದಲ, ಅಲ್ಲೆ ಸರ್ಕಲ್‌ನ್ಯಾಗ ಬಲಗಡಿಂದ ಬರೋ ಗಾಡಿ ಮೊದಲ, ಅದು ಹೋಗೋ ತನಕ ನೀ ಗೆರಿ ಹಿಂದ. ಹಂಗಂತ ರಸ್ತಾ ಖಾಲಿ ಇದ್ದಾಗ ಅಂಜಿ ನಿಂತ್ರೂ ತಪ್ಪ ಹಾಕತಾರ. ಇಳಿಜಾರಿಗೆ ಪೆಟ್ರೋಲ್ ಉಳಸಾಕಂತ ನ್ಯೂಟ್ರಲ್ ಹಾಕಿ ಬಿಡೋದು ಅಥವಾ ಕ್ಲಚ್ ಒತ್ತಿ ಹಿಡಿಯೋದು, ನಮ್ಮವರಿಗೆಲ್ಲಾ ಐತಿ ಈ ರೋಗ, ಅಲ್ಲೆ ಅದು ತಪ್ಪು. ಹಾರ್ನ್ ಮ್ಯಾಲಿನ ಹೆಬ್ಬೆಟ್ಟು ತಗಿ. ರಾತ್ರಿ ಹನ್ನೊಂದೂವರಿಂದ ಮುಂಜಾನೆ ಏಳರ ತನಕ ಊರೊಳಗ ಹಾರ್ನ್ ಹೊಡ್ಯಾಕ ಬರಂಗಿಲ್ಲ ಅಲ್ಲೆ, ನಮ್ಮಲ್ಲೆ ಆ ಟೈಮಿಗೆ ವರಾತ ಹೊಂಟಿರತೈತಿ.

ಮುಖ್ಯ ಅಂದ್ರ ಕನ್ನಡಿ. ಸಿಗ್ನಲ್ ಹಾಕೋಕಿಂತ ಮೊದಲ, ಹೊರಳೋಕಿಂತ ಮೊದಲ, ಸ್ಪೀಡ್ ಏರ್ಸಿದ್ರೂ ಇಳಿಸಿದ್ರೂ ಕನ್ನಡಿ ನೋಡಬೇಕು, ಒಳಗಿಂದು ಒಂದು ಹೊರಗಿಂದು ಒಂದು.


ನವನಗರದ_ಸಿಸ್ಟರ್:

ಕಾಕಾ, ನಮ್ಮ ಆಲ್ಟೋಕ್ಕ ಎಡಗಡಿ ಕನ್ನಡಿನ ಇಲ್ಲ. 😅 ಹಳೇ ಮಾಡೆಲ್, ಕಂಪನಿಯಿಂದನ ಬಂದಿಲ್ಲ. ಇಷ್ಟ್ ವರ್ಷ ಓಡ್ಸೀನಿ, ನೀವು ಹೇಳಿದ ಮ್ಯಾಲ ಹೋಗಿ ನೋಡಿದ್ನಿ. ಅಪ್ಪಾಜಿನ ಕೇಳಿದ್ರ "ಎಡಗಡಿ ನೋಡಾಕ ನಿಮ್ಮವ್ವ ಕುಂದರತಾಳಲ್ಲ" ಅಂದ್ರು.


ಸ್ಟೇರಿಂಗ್_ಕಾಕಾ:

ಅಂಗಡ್ಯಾಗ ಸಿಗತಾವು ತಂಗಿ, ಮೆಕ್ಯಾನಿಕ್ ಹತ್ರ ಹೋಗಿ ಇವತ್ತ ಹಾಕಸು. ನೀ ಹೋದ ಮ್ಯಾಲೂ ಅಪ್ಪಗ ಬೇಕು.


ರೈನ್_ದಂಡಿ_ಗೋಕಾಕ:

ಯುಕೆ ಅಲ್ಲ, ಆದ್ರ ಜರ್ಮನಿಗೆ ಹೋಗೋರು ಯಾರರ ಇದನ್ನ ಓದಿದ್ರ ಅವರಿಗೆ. ಅಲ್ಲಿ 12 ಅಲ್ಲ, 6 ತಿಂಗಳು. ಅಲ್ಲಿನೂ ಇಂಡಿಯಾ ಪಟ್ಟಿಯೊಳಗಿಲ್ಲ, ಥಿಯರಿ ಪ್ರಾಕ್ಟಿಕಲ್ ಎರಡೂ ಕೊಡಬೇಕು, ಕಣ್ಣಿನ ಟೆಸ್ಟು ಮತ್ತ ಒಂದ್ ದಿನದ ಪ್ರಥಮ ಚಿಕಿತ್ಸೆ ಕೋರ್ಸ್ ಮಾಡಬೇಕು. ಇಂತಿಷ್ಟ ತಾಸು ಕ್ಲಾಸ್ ಆಗಲೇಬೇಕು ಅನ್ನೋದು ನಮ್ಮಂಥ ಹಳೇ ಲೈಸೆನ್ಸಿನವರಿಗೆ ಇಲ್ಲ, ಆದ್ರ ಟೆಸ್ಟಿಗೆ ಡ್ರೈವಿಂಗ್ ಸ್ಕೂಲಿನ ಮುಖಾಂತರನ ಹೋಗಬೇಕು. ಥಿಯರಿ ಇಂಗ್ಲಿಷಿನ್ಯಾಗ ಬರೀಬಹುದು, ಪ್ರಾಕ್ಟಿಕಲ್ ಮಾತ್ರ ಜರ್ಮನ್ ಭಾಷಾದಾಗ ಹೇಳತಾರ. ಮ್ಯಾಲ ಬಲಗಡಿ ಓಡಸೋದು. ಬೋರ್ಡ್ ಇಲ್ಲದ ಕೂಡು ರಸ್ತಾದಾಗ ಬಲಗಡಿಂದ ಬಂದವಗ ಮೊದಲ ಹಕ್ಕು, ಅವ ಸೈಕಲ್‌ನವನಿರಲಿ. ನಿಮಗ ಎಡಗಡಿ ಉಳಿದೈತಿ, ಭಾಷಾ ಉಳಿದೈತಿ, ಪುಣ್ಯವಂತ್ರು.


ಗುಮ್ಮಟ_28:

ಸಿಸ್ಟರ್ ಥಿಯರಿ ಬಗ್ಗೆ ಹೇಳೋದು ಬಿಟ್ಟಿತ್ತು. ಪ್ರೊವಿಜನಲ್ ಅರ್ಜಿ ಆನ್‌ಲೈನ್ ಹಾಕಿದ್ರ 34 ಪೌಂಡ್, ಪೋಸ್ಟಿನಾಗ ಹಾಕಿದ್ರ 43, ಸುಮ್ನ 9 ಪೌಂಡ್ ಕಳಕೋಬ್ಯಾಡ್ರಿ. ಹೋದ ದಿನಾನೇ ಹಾಕ್ರಿ, ಆ ನಂಬರ್ ಇಲ್ದ ಥಿಯರಿ ಬುಕ್ ಆಗೋದಿಲ್ಲ, ಥಿಯರಿ ಪಾಸಾಗದ ಪ್ರಾಕ್ಟಿಕಲ್ ಬುಕ್ ಆಗೋದಿಲ್ಲ. ಒಂದರ ಬಾಲ ಇನ್ನೊಂದು ಹಿಡಕೊಂಡದ. ಥಿಯರಿಗೆ 23 ಪೌಂಡ್, ಪ್ರಾಕ್ಟಿಕಲ್‌ಗೆ ವಾರದ ದಿನ 62, ಸಂಜಿ ಮತ್ತ ಶನಿವಾರ ರವಿವಾರ 75. ಸರ್ಕಾರದ ವೆಬ್‌ಸೈಟಿನೊಳಗೇ ಹಾಕ್ರಿ, ಅದೇ ನಮೂನಿ ಕಾಣೋ ಖಾಸಗಿ ಸೈಟು ಬಾಳ ಅವ, ಮ್ಯಾಲ ಕಮಿಷನ್ ಹಚ್ಚತಾರ. ನನ್ನ ಜೋಡಿ ಕೆಲಸ ಮಾಡೋ ಹುಡುಗ ಹಿಂಗೇ ಒಂದು ಸೈಟಿಗೆ ಡಬಲ್ ಕೊಟ್ಟು ಕುಂತ.

ಥಿಯರಿಯೊಳಗ 50 ಪ್ರಶ್ನೆ, 43 ಸರಿ ಆಗಬೇಕು. ಇದನ್ನ ಈ 9 ದಿನದಾಗ ಊರಾಗೇ ಓದಬಹುದು, ಹೈವೇ ಕೋಡ್ ಫ್ರೀಯಾಗಿ ಆನ್‌ಲೈನ್ ಅದ. ನಮಗ ತೊಡಕಾಗೋದು ದೂರದ ಲೆಕ್ಕ, 30 ಮೈಲಿ ಸ್ಪೀಡಿನೊಳಗ ಅಪಾಯ ಕಂಡು ಬ್ರೇಕ್ ಹಾಕಿ ಗಾಡಿ ನಿಲ್ಲಲಿಕ್ಕೆ ಒಟ್ಟು 23 ಮೀಟರ್, 70ಕ್ಕ 96 ಮೀಟರ್, ಮಳಿಯೊಳಗ ಡಬಲ್. ಬೋರ್ಡ್ ಇಲ್ಲದ ರೋಡಿನ್ಯಾಗ ಲೈಟ್ ಕಂಬ ಸಾಲಾಗಿ ಇದ್ರ 30 ಅಂತ ತಿಳ್ಕೋಬೇಕು, ವೇಲ್ಸ್‌ನೊಳಗ ಮಾತ್ರ 20. ಇನ್ನ ಕುದುರಿ ಬಗ್ಗೆ ಪ್ರಶ್ನೆ ಬರ್ತದ, ನಗಬ್ಯಾಡ್ರಿ, ಕುದುರಿ ದಾಟಿಸ್ಬೇಕಾದ್ರ 10 ಮೈಲಿ ಸ್ಪೀಡು, 2 ಮೀಟರ್ ಜಾಗ ಬಿಡಬೇಕು.

ಎರಡನೇ ಭಾಗ ಹಜಾರ್ಡ್ ಪರ್ಸೆಪ್ಶನ್, 14 ವಿಡಿಯೋ, ಅಪಾಯ ಬರೋ ಸುಳುವು ಕಂಡ ಕೂಡ್ಲೇ ಮೌಸ್ ಒತ್ತಬೇಕು, ಎಷ್ಟು ಜಲ್ದಿ ಒತ್ತತೀರೋ ಅಷ್ಟು ಮಾರ್ಕು, 75ಕ್ಕ 44 ಬೇಕು. ಇಲ್ಲಿ ನಮ್ಮವರು ಹೆಂಗ ಫೇಲ್ ಆಗ್ತಾರ ಅಂದ್ರ, ನಮ್ಮ ರೋಡಿನ್ಯಾಗ ಓಡಿಸಿದ ಕಣ್ಣಿಗೆ ಅಲ್ಲಿನ ಅಪಾಯ ಅಪಾಯ ಅಂತಲೇ ಕಾಣೋದಿಲ್ಲ. ನಿಂತ ಕಾರಿನ ಬಾಗಿಲು ಎರಡು ಬಟ್ಟು ತೆರೀತು ಅಂದ್ರ ಅದು ಅಪಾಯ. ನಾವು ಎಮ್ಮಿ ಅಡ್ಡ ಬರಲಿ ಅಂತ ಕಾಯ್ತಾ ಕುಂಡ್ರತೀವಿ. ಇಲ್ಲಾ ಅಂದ್ರ ಅಂಜಿ ಟಕ ಟಕ ಒತ್ತತಾನೇ ಇರ್ತೀವಿ, ಹಂಗ ಒತ್ತಿದ್ರ ಆ ವಿಡಿಯೋಕ್ಕ ಸೊನ್ನಿ. ಆ್ಯಪಿನೊಳಗ ಪ್ರಾಕ್ಟೀಸ್ ಮಾಡ್ರಿ.

ಮತ್ತ ಗೇರಿನ ಕಾರಿನೊಳಗೇ ಟೆಸ್ಟ್ ಕೊಡ್ರಿ. ಆಟೋಮ್ಯಾಟಿಕ್‌ನೊಳಗ ಪಾಸಾದ್ರ ಆಟೋಮ್ಯಾಟಿಕ್ ಅಷ್ಟೇ ಓಡಿಸ್ಲಿಕ್ಕೆ ಬರ್ತದ, ನಿಮಗ ಕ್ಲಚ್ ರೂಢಿ ಅದ, ಅದನ್ಯಾಕ ಕಳಕೋತೀರಿ.


ಮುಧೋಳ_ಹುಲಿ:

ನಮ್ಮ ದೋಸ್ತಗ ಇದನ್ನೆಲ್ಲಾ ಕಳಿಸಿದ್ನಿ. ಅವಂದು 12 ತಿಂಗಳು ಮುಗದು ಮೂರ್ ತಿಂಗಳಾಗಿತ್ತಂತ. ಕಾರ್ ಕೀಲಿ ಹೆಂಡ್ತಿ ಕೈಯಾಗ ಕೊಟ್ಟಾನಂತ. ಆಕಿದು ಯುಕೆ ಲೈಸೆನ್ಸ್.


ನವನಗರದ_ಸಿಸ್ಟರ್:

ಎಲ್ಲಾರಿಗೂ ನಮಸ್ಕಾರ್ರಿ, ಎರಡ್ ತಿಂಗಳ ಮ್ಯಾಲ ಬರ್ಯಾಕತ್ತೀನಿ, ಕ್ಷಮಾ ಇರಲಿ, ವಾಪಸ್ ಬಂದ ಮ್ಯಾಲ ಡ್ಯೂಟಿ ಮ್ಯಾಲ ಡ್ಯೂಟಿ. ವಿಮಾನ ಇಳಿದ ಮರುದಿನಾನ ಪ್ರೊವಿಜನಲ್ ಹಾಕಿದ್ನಿ, ಕಾರ್ಡ್ ಬಂತು. ಥಿಯರಿ ಮೊನ್ನೆ ಬರದ್ನಿ, 47 ಬಂತು, ಹಜಾರ್ಡಿಗೆ 51. ಕುದುರಿ ಪ್ರಶ್ನೆ ಬಂದಿತ್ತು ಗುಮ್ಮಟ ಅಣ್ಣಾರ, ಎಕ್ಸಾಮ್ ಹಾಲಿನ್ಯಾಗ ನಗು ತಡ್ಕೊಂಡ್ನಿ.

12 ತಿಂಗಳು ಮುಗದು ಹೋತು, ಹೋದ ವಾರ. ಕಾರ್ ತಗೊಂಡಿಲ್ಲ. ಇಳಕಲ್ ಅಣ್ಣ ಹೇಳಿದ್ದೂ ಖರೇ ಇತ್ತು, ಆದ್ರ ಮೂರ್ ವರ್ಷದ ಲೈಸೆನ್ಸ್ ಇದ್ದು ರವಿವಾರ ಖಾಲಿ ಇರೋ ಮನುಷ್ಯಾರು ಆಸ್ಪತ್ರ್ಯಾಗ ಒಬ್ರೂ ಸಿಗಲಿಲ್ಲ. ಮಾರೋರಿಗೆ ಹೇಳಿದ್ರ ಪಾಪ ಅವರು ಇನ್ನೊಬ್ರಿಗೆ ಕೊಟ್ರು. ಪ್ರಾಕ್ಟಿಕಲ್ ಸ್ಲಾಟ್ ಐದ್ ತಿಂಗಳ ಮ್ಯಾಲಿಂದು ಸಿಕ್ಕೈತಿ, ಯಾರರ ಕ್ಯಾನ್ಸಲ್ ಮಾಡಿದ್ರ ಜಲ್ದಿ ಇರೋದನ್ನ ಹಿಡ್ಕೋಬೇಕಂತ ದಿನಾ ಮುಂಜಾನೆ ಚಾ ಕುಡ್ಕೋಂತ ನೋಡ್ತೀನಿ. ಇನ್‌ಸ್ಟ್ರಕ್ಟರ್ ಜೋಡಿ ಎರಡ್ ಕ್ಲಾಸ್ ಆದ್ವು. ಮೊದಲನೇ ಕ್ಲಾಸಿನ್ಯಾಗ ಅವರು ಕೇಳಿದ್ದು, ಎಡಗಡಿ ಕನ್ನಡಿ ನೀ ಇಷ್ಟ್ ಸಲ ಯಾಕ ನೋಡತಿ ಅಂತ. ಏನ್ ಹೇಳ್ಲಿ ಅವರಿಗೆ. ಕಾಕಾ, ಆಲ್ಟೋಕ್ಕ ಕನ್ನಡಿ ಹಾಕಿಸಿ ಬಂದೀನಿ, 9 ದಿನದಾಗ ಎಂಟ್ ದಿನ ಮುಂಜಾನೆ ಹೋಗಿ ಓಡ್ಸೀನಿ. ಅಪ್ಪಾಜಿ ಆ ಕನ್ನಡಿ ಮಡಿಚಿ ಇಡತಾರಂತ, ಗ್ವಾಡಿಗೆ ತಾಗತೈತಿ ಅಂತ.

ಯಾರರ ಲೆಸ್ಟರ್‌ನ್ಯಾಗ ರವಿವಾರ ಮುಂಜಾನೆ ಏಳಕ್ಕ ದೊಡ್ಡ ಆಸ್ಪತ್ರಿ ಕಡಿ ಹೋಗೋರು ಇದ್ರ ಮೆಸೇಜ್ ಮಾಡ್ರಿ. ಪೆಟ್ರೋಲ್ ಅರ್ಧ ಕೊಡತೀನಿ, ಊರಿಂದ ತಂದ ಅಮೀನಗಡ ಕರದಂಟೂ ಇನ್ನ ಐತಿ.